ಯಾವ ಬಟನ್ ಒತ್ತಿದರೂ ಬೀದರ್

ಬೋಧನಾಭ್ಯಾಸದ ದಿನಗಳಲ್ಲಿ ನಮ್ಮಂಥ ಮಾರ್ಗದರ್ಶಿ ಉಪನ್ಯಾಸಕರ ಜಾಗ ತರಗತಿಯ ಕೊನೆಯ ಬೆಂಚು. ಕೈಯಲ್ಲಿ ವೀಕ್ಷಣಾ ಪುಸ್ತಕ, ತೊಡೆಯ ಮೇಲೆ ಪ್ರಶಿಕ್ಷಣಾರ್ಥಿಯ ಪಾಠಯೋಜನೆ, ಕಣ್ಣು ಆಗಾಗ ಗಡಿಯಾರದ ಕಡೆಗೆ. ಈ ವರ್ಷ ಕಮಲಾಪುರದ ಒಂದು ಪ್ರೌಢಶಾಲೆಯಲ್ಲಿ ಅಂಥ ಬೆಂಚಿನ ಮೇಲೆ ಕೂತು ನಾನು ಕೊಟ್ಟ ಅಂಕಗಳು ತಪ್ಪಾಗಿದ್ದವು. ತಪ್ಪು ನನ್ನದೊಂದೇ ಆಗಿದ್ದರೆ ಇಲ್ಲಿ ಬರೆಯಬೇಕಾಗಿರಲಿಲ್ಲ. ನಾವೆಲ್ಲ ಬಳಸುವ ವೀಕ್ಷಣಾ ನಮೂನೆಯಲ್ಲಿಯೇ ಅದು ಕೂತಿದೆ ಎಂದು ನನಗೆ ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಬಸ್ಸು ಹಿಡಿದರೆ ಕಮಲಾಪುರ ಒಂದು ಗಂಟೆಯೊಳಗಿನ ದಾರಿ. ಕೆಂಪು ಬಾಳೆಗೆ ಹೆಸರಾದ ಊರು. ಅಲ್ಲಿನ ಶಾಲೆಗೆ ನಮ್ಮಿಂದ ಇಬ್ಬರು ಪ್ರಶಿಕ್ಷಣಾರ್ಥಿಗಳು ಗಣಿತ ಮತ್ತು ಕಂಪ್ಯೂಟರ್ ಪಾಠಗಳಿಗೆ ಹೋಗಿದ್ದರು. 9ನೆಯ ತರಗತಿಯ ಎರಡು ವಿಭಾಗ, ಪ್ರತಿ ವಿಭಾಗದಲ್ಲಿ 40ರ ಆಸುಪಾಸು ಮಕ್ಕಳು, ಕೆಲಸ ಮಾಡುವ ಕಂಪ್ಯೂಟರ್ ಎಂಟು. ಇಬ್ಬರೂ ಆರಿಸಿಕೊಂಡ ವಿಷಯ ಒಂದೇ: ಪೈಥಾನ್ ಭಾಷೆಯ ಟಿಕೆ-ಇಂಟರ್ ಬಳಸಿ ಪರದೆಯ ಮೇಲೆ ಹಲವು ಬಟನ್‌ಗಳನ್ನು ಕೋಡ್ ಮೂಲಕ ಕೂರಿಸುವುದು. ಉದಾಹರಣೆಯನ್ನೂ ಇಬ್ಬರೂ ಸೇರಿಯೇ ಯೋಚಿಸಿದ್ದರು. ಮಕ್ಕಳು ದಿನಾ ನೋಡುವ ಬಸ್ಸಿನ ದಾರಿ: ಕಲಬುರಗಿ, ಮಹಾಗಾಂವ ಕ್ರಾಸ್, ಕಮಲಾಪುರ, ಹುಮನಾಬಾದ್, ಬೀದರ್. ಐದು ಊರಿಗೆ ಐದು ಬಟನ್. ಯಾವುದನ್ನು ಒತ್ತಿದರೆ ಆ ಊರಿನ ಹೆಸರು ಕೆಳಗೆ ದೊಡ್ಡದಾಗಿ ಕಾಣಬೇಕು. ಇಷ್ಟು ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿರಲಿಲ್ಲ.

ಎರಡು ಪಾಠಗಳು

ಮೊದಲ ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಹತ್ತು ಸಾಲು ಬರೆದರು. ಬಟನ್ ತಯಾರಿಸುವ ಸಾಲೊಂದು, ಅದನ್ನು ಜಾಗದಲ್ಲಿ ಕೂರಿಸುವ ಸಾಲೊಂದು, ಹೀಗೆ ಐದು ಜೋಡಿ. ಅಕ್ಷರ ಮುತ್ತಿನಂತೆ ಇತ್ತು. ಮಕ್ಕಳು ನೋಡಿ ಟೈಪ್ ಮಾಡಿದರು. ಎಂಟು ಪರದೆಗಳ ಮೇಲೂ ಐದೈದು ಬಟನ್ ಬಂದವು. ಒತ್ತಿದರೆ ಸರಿಯಾದ ಹೆಸರೇ ಬಂತು. ಪುನರಾವರ್ತನೆಯ ಪ್ರಶ್ನೆ ಕೇಳಿ, ಗೃಹಕಾರ್ಯ ಕೊಟ್ಟು ಮುಗಿಸಿದಾಗ 40 ನಿಮಿಷದ ಅವಧಿಯಲ್ಲಿ ಇನ್ನೂ ಎರಡು ನಿಮಿಷ ಉಳಿದಿತ್ತು. ನಾನು 25ಕ್ಕೆ 21 ಕೊಟ್ಟೆ.

ಎರಡನೆಯವರು ಹತ್ತು ಸಾಲು ಬರೆಯಲಿಲ್ಲ. ಊರುಗಳ ಹೆಸರನ್ನು ಒಂದು ಪಟ್ಟಿಯಲ್ಲಿ ಇಟ್ಟು, ಪಟ್ಟಿಯ ಮೇಲೆ ಲೂಪ್ ಹಾಕಿದರು. ಓಡಿಸಿದಾಗ ಪರದೆಯ ಮೇಲೆ ಒಂದೇ ಬಟನ್ ಕಂಡಿತು: ಬೀದರ್. ಉಳಿದ ನಾಲ್ಕು ಎಲ್ಲಿ? ಒಬ್ಬ ಹುಡುಗ, “ಮೇಡಂರೀ, ಅವು ಹುಟ್ಟೇ ಇಲ್ರಿ” ಅಂದ. ಇನ್ನೊಬ್ಬಳು, “ಹುಟ್ಯಾವ, ಆದ್ರ ಬೀದರ್ ತೆಳಗ ಕುಂತಾವ” ಅಂದಳು. ಅವಳದೇ ಸರಿ. ಐದೂ ಬಟನ್‌ಗಳಿಗೆ ಒಂದೇ ಜಾಗ ಹೇಳಲಾಗಿತ್ತು. ಒಂದರ ಮೇಲೊಂದು ಕೂತು ಕೊನೆಯದು ಮಾತ್ರ ಕಾಣುತ್ತಿತ್ತು. ಹತ್ತು ನಿಮಿಷ ಇದರಲ್ಲಿ ಹೋಯಿತು. ಜಾಗವನ್ನು ಲೆಕ್ಕ ಹಾಕಿ ಬದಲಿಸಿದ ಮೇಲೆ ಐದೂ ಸಾಲಾಗಿ ನಿಂತವು. ಚಪ್ಪಾಳೆ. ಆಮೇಲೆ ಒಬ್ಬ ಕಲಬುರಗಿ ಬಟನ್ ಒತ್ತಿದ. ಕೆಳಗೆ ಬಂದದ್ದು ಬೀದರ್. ಕಮಲಾಪುರ ಒತ್ತಿದರೂ ಬೀದರ್. “ಯಾವ ಬಟನ್ ಒತ್ತಿದ್ರೂ ಬೀದರೇ ಬರ್ಲಿಕ್ಕತ್ತದ್ರಿ!” ಎಂಟೂ ಕಂಪ್ಯೂಟರ್‌ಗಳ ಸುತ್ತ ಗದ್ದಲ. ಪ್ರಶಿಕ್ಷಣಾರ್ಥಿ ಒಂದು ಕ್ಷಣ ಸುಮ್ಮನೆ ನಿಂತರು. ನಂತರ, “ಯಾಕೆ ಹೀಗೆ ಆಗ್ತದೆ? ಎಲ್ಲರೂ ಒಂದೊಂದು ಕಾರಣ ಬರೀರಿ, ನಾಳೆ ನೋಡೋಣ” ಅಂದರು. ಗಂಟೆ ಬಾರಿಸಿತು. ಪುನರಾವರ್ತನೆ ಆಗಲಿಲ್ಲ, ಮೌಲ್ಯಮಾಪನದ ಪ್ರಶ್ನೆ ಆಗಲಿಲ್ಲ, ಉದ್ದೇಶ ಈಡೇರಲಿಲ್ಲ. ತರಗತಿ ನಿರ್ವಹಣೆ ಎಂಬ ಕಾಲಮಿನಲ್ಲಿ ‘ಸುಧಾರಣೆ ಅಗತ್ಯ’ ಎಂದು ಬರೆದೆ. 25ಕ್ಕೆ 15.

ಹತ್ತು ದಿನದ ನಂತರ

ಬೇರೊಂದು ಪಾಠ ನೋಡಲು ಮತ್ತೆ ಕಮಲಾಪುರಕ್ಕೆ ಹೋದಾಗ ಕಂಪ್ಯೂಟರ್ ಕೋಣೆ ಖಾಲಿ ಇತ್ತು. ಶಾಲೆಯ ಶಿಕ್ಷಕರ ಒಪ್ಪಿಗೆ ಪಡೆದು ಎರಡೂ ವಿಭಾಗದ ಮಕ್ಕಳಿಗೆ ಬೇರೆ ಬೇರೆಯಾಗಿ ಒಂದೇ ಕೆಲಸ ಕೊಟ್ಟೆ: “ಕಮಲಾಪುರಕ್ಕೂ ಹುಮನಾಬಾದಿಗೂ ನಡುವೆ ಕಿಣ್ಣಿ ಸಡಕ್ ಸೇರಿಸಿ.”

ಮೊದಲ ವಿಭಾಗದ ಮಕ್ಕಳು ಎರಡು ಸಾಲನ್ನು ನಕಲು ಮಾಡಿ ಹೆಸರು ಬದಲಿಸಿದರು. ಹೊಸ ಬಟನ್ ಹುಮನಾಬಾದಿನ ಮೇಲೆ ಹೋಗಿ ಕೂತು ಅದನ್ನು ಮುಚ್ಚಿತು. ಕೆಲವರು ಜಾಗದ ಅಂಕಿಯನ್ನು ಹೆಚ್ಚಿಸಿದರು. ಬಟನ್ ಕಿಟಕಿಯ ಆಚೆ ಹೋಗಿ ಕಾಣದಾಯಿತು. ಕಿಟಕಿಯ ಅಗಲ 600 ಎಂಬುದು ಮೊದಲ ಸಾಲಿನಲ್ಲಿಯೇ ಇತ್ತು, ಆದರೆ ಅದು ಅವರ ಮಟ್ಟಿಗೆ ಹಲಗೆಯಿಂದ ಇಳಿಸಿಕೊಂಡ ಒಂದು ಅಂಕಿ ಮಾತ್ರ. ಎರಡು ಗುಂಪುಗಳು ಮುಂದಿನ ಎಲ್ಲ ಬಟನ್‌ಗಳ ಅಂಕಿಗಳನ್ನು ಒಂದೊಂದಾಗಿ ತಿದ್ದಿ ಕೊನೆಗೆ ಮುಗಿಸಿದವು.

ಎರಡನೆಯ ವಿಭಾಗದಲ್ಲಿ ಒಬ್ಬ ಹುಡುಗಿ ನೋಟ್‌ಬುಕ್ ತೆಗೆದಳು. 600ನ್ನು 5ರಿಂದ ಭಾಗಿಸಿದರೆ 120, ಅದರ ಅರ್ಧ 60. ಹಿಂದೆ ಮಾಡಿದ್ದು ಇದು: ಬಟನ್‌ಗಳ ನಡುಬಿಂದು 60, 180, 300, 420, 540. ಈಗ ಆರು ಊರು. ಹಾಗಾದರೆ 100, ಅರ್ಧ 50. ಪಟ್ಟಿಯಲ್ಲಿ ಒಂದು ಹೆಸರು ಸೇರಿಸಿ, ಎರಡು ಅಂಕಿ ಬದಲಿಸಿ ಓಡಿಸಿದಳು. ಮಹಾಗಾಂವ ಕ್ರಾಸ್ ಉದ್ದ ಹೆಸರು. ಪಕ್ಕದ ಬಟನ್‌ಗೆ ತಗುಲಿತು. “ಇದನ್ನ ಎರಡು ಸಾಲ ಮಾಡಿ ಬರದ್ರ ಹಿಡಸ್ತದ್ರಿ” ಅಂದಳು. ಪಕ್ಕದಲ್ಲಿದ್ದವನು ಇನ್ನೂ ಮುಂದೆ ಹೋದ: “ಭಾಗಾಕಾರನೂ ಕಂಪ್ಯೂಟರಿಗೇ ಹಚ್ಚಿಬಿಟ್ರ? ಪಟ್ಟಿ ಎಷ್ಟು ಉದ್ದ ಅದ ಅಂತ ಅದೇ ಎಣಿಸ್ಲಿ.”

ಬೀದರಿನ ಗೊತ್ತಾಯಿತೇ ಎಂದು ಕೇಳಿದೆ. ಐದಾರು ಮಕ್ಕಳು ಒಟ್ಟಿಗೆ ಎದ್ದರು. ಮರುದಿನದ ಅವಧಿಯಲ್ಲಿ ಮೇಡಂ ಐದು ಮಕ್ಕಳ ಕೈಗೆ ಐದು ಚೀಟಿ ಕೊಟ್ಟಿದ್ದರಂತೆ. ಚೀಟಿಯಲ್ಲಿ ಬರೆದದ್ದು, ‘ಕರೆದಾಗ ಹಲಗೆಯ ಮೇಲಿರುವ ಹೆಸರು ಓದು’. ಮೇಡಂ ಹಲಗೆಯ ಮೇಲೆ ಕಲಬುರಗಿ ಎಂದು ಬರೆದು ಮೊದಲ ಚೀಟಿ ಕೊಟ್ಟರು, ಅಳಿಸಿ ಮಹಾಗಾಂವ ಕ್ರಾಸ್ ಎಂದು ಬರೆದು ಎರಡನೆಯದು ಕೊಟ್ಟರು, ಹೀಗೆ ಬೀದರ್‌ವರೆಗೆ. ಆಮೇಲೆ ಮೊದಲ ಹುಡುಗನನ್ನು ಕರೆದರು. ಅವನು ಹಲಗೆ ನೋಡಿ “ಬೀದರ್” ಅಂದ. ಎಲ್ಲರೂ ಬೀದರ್ ಅಂದರು. ಯಾರೂ ತಪ್ಪು ಮಾಡಿರಲಿಲ್ಲ, ಹೇಳಿದ್ದನ್ನೇ ಮಾಡಿದ್ದರು. ಎರಡನೆಯ ಸುತ್ತಿನಲ್ಲಿ ಚೀಟಿ ಕೊಡುವಾಗಲೇ ಆ ಹೊತ್ತಿನ ಹೆಸರನ್ನು ಚೀಟಿಯ ಮೇಲೆ ಬರೆದು ಕೊಟ್ಟರು. ಆಗ ಪ್ರತಿಯೊಬ್ಬರೂ ತಮ್ಮ ಊರಿನ ಹೆಸರು ಹೇಳಿದರು.

ಪ್ರೋಗ್ರಾಮಿನಲ್ಲಿ ನಡೆದದ್ದೂ ಇದೇ. ಬಟನ್‌ಗೆ ಕೊಟ್ಟ ಪುಟ್ಟ ಕಾರ್ಯ, ಪೈಥಾನ್‌ನಲ್ಲಿ ಲ್ಯಾಂಬ್ಡಾ ಎನ್ನುವುದು, ವೇರಿಯಬಲ್‌ನ ಬೆಲೆಯನ್ನು ಬಟನ್ ತಯಾರಾದಾಗ ಓದುವುದಿಲ್ಲ, ಒತ್ತಿದಾಗ ಓದುತ್ತದೆ. ಒತ್ತುವ ಹೊತ್ತಿಗೆ ಲೂಪ್ ಮುಗಿದಿರುತ್ತದೆ; ವೇರಿಯಬಲ್‌ನಲ್ಲಿ ಉಳಿದಿರುವುದು ಕೊನೆಯ ಊರು. ಲ್ಯಾಂಬ್ಡಾದ ಪೂರ್ವನಿಯೋಜಿತ ಮೌಲ್ಯವಾಗಿ ಆಗಿನ ಹೆಸರನ್ನು ಕಟ್ಟಿಕೊಟ್ಟರೆ, ಅಂದರೆ ಚೀಟಿಯ ಮೇಲೆಯೇ ಬರೆದುಕೊಟ್ಟರೆ, ಸರಿಹೋಗುತ್ತದೆ. ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಓದಿದವರೂ ಎಡವುವ ಜಾಗ ಇದು. ಕಮಲಾಪುರದ 9ನೆಯ ತರಗತಿಯ ಮಕ್ಕಳು ಅದನ್ನು ನನಗೆ ಚೀಟಿಯ ಲೆಕ್ಕದಲ್ಲಿ ಹೇಳಿದರು.

ನನ್ನ ವಾದ

ಎರಡು ತರಗತಿ ನೋಡಿ ಸಿದ್ಧಾಂತ ಕಟ್ಟಲು ಬರುವುದಿಲ್ಲ, ಅದು ನನಗೆ ಗೊತ್ತು. ಒಂದು ವಿಭಾಗದಲ್ಲಿ ಚುರುಕು ಮಕ್ಕಳಿದ್ದಿರಬಹುದು. ಆದರೂ ನನ್ನ ವೀಕ್ಷಣೆ ಎಲ್ಲಿ ತಪ್ಪಿತು ಎಂಬುದು ಸ್ಪಷ್ಟವಾಗಿದೆ. ನಾನು ನೋಡಿದ್ದು ಪರದೆಯ ಮೇಲೆ ಐದು ಬಟನ್ ಬಂದವೇ ಎಂಬುದನ್ನು. ನೋಡಬೇಕಾಗಿದ್ದದ್ದು, ಆರನೆಯದನ್ನು ಸೇರಿಸಲು ಮಗುವಿಗೆ ಬರುತ್ತದೆಯೇ ಎಂಬುದನ್ನು.

ಈ ವಿಷಯದ ಸ್ವಭಾವವೇ ಅಂಥದ್ದು. ಒಂದು ವಸ್ತುವನ್ನು ಪರದೆಯ ಮೇಲೆ ತರುವುದು ಒಂದು ಆಜ್ಞೆ. ಅಲ್ಲಿ ಕಲಿಯಬೇಕಾದದ್ದು ಕಾಗುಣಿತದಷ್ಟೇ. ಎರಡನೆಯದನ್ನು ತರುವಾಗ ಮೊದಲ ಬಾರಿಗೆ ಪ್ರಶ್ನೆಗಳು ಏಳುತ್ತವೆ. ಇದು ಎಲ್ಲಿ ಕೂರಬೇಕು? ಇದರ ಹೆಸರೇನು? ಮೊದಲನೆಯದಕ್ಕೂ ಇದಕ್ಕೂ ಸಮಾನವಾದದ್ದು ಯಾವುದು, ಬದಲಾಗುವುದು ಯಾವುದು? ಸಮಾನವಾದದ್ದನ್ನು ಲೂಪಿನೊಳಗೆ ಇಡುವುದು, ಬದಲಾಗುವುದನ್ನು ಪಟ್ಟಿಗೆ ಅಥವಾ ಸೂತ್ರಕ್ಕೆ ಹಾಕುವುದು. ಇಡೀ ಪ್ರೋಗ್ರಾಮಿಂಗ್ ಇದರಲ್ಲಿ ಅಡಗಿದೆ, ಬೀಜಗಣಿತವೂ ಅಡಗಿದೆ. ಐದು ಜೋಡಿ ಸಾಲುಗಳನ್ನು ಹಲಗೆಯಿಂದ ಇಳಿಸಿಕೊಂಡ ಮಗು ಈ ಪ್ರಶ್ನೆಗಳಲ್ಲಿ ಒಂದನ್ನೂ ಎದುರಿಸಿರುವುದಿಲ್ಲ.

ಹಾಗೆಂದು ಮೊದಲ ದಿನವೇ ಲೂಪ್ ಬರೆಯಿರಿ ಎಂದೂ ನಾನು ಹೇಳುವುದಿಲ್ಲ. ಒಂದು ಬಟನ್ ಕೈಯಿಂದ ಬರೆಸಿ. ಎರಡು ಬರೆಸಿ, ಮೂರು ಬರೆಸಿ. ನಾಲ್ಕನೆಯದಕ್ಕೆ ಯಾರಾದರೂ “ಎಷ್ಟ್ ಸಲ ಇದನ್ನೇ ಬರೀಬೇಕ್ರಿ?” ಎಂದು ಬೇಸರಪಡುತ್ತಾರೆ. ಆ ಬೇಸರ ಬಂದ ಮೇಲೆ ಲೂಪ್ ಕೊಟ್ಟರೆ ಅದು ಪರಿಹಾರವಾಗುತ್ತದೆ. ಮೊದಲೇ ಕೊಟ್ಟರೆ ಕಂಠಪಾಠವಾಗುತ್ತದೆ. ಮೊದಲ ಪ್ರಶಿಕ್ಷಣಾರ್ಥಿಯ ಹತ್ತು ಸಾಲು ತಪ್ಪಲ್ಲ, ಅಲ್ಲಿಗೇ ನಿಂತದ್ದು ತಪ್ಪು. ಅಲ್ಲಿಗೆ ನಿಂತದ್ದಕ್ಕೆ ನಾನು 21 ಕೊಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು.

ಕಂಪ್ಯೂಟರ್ ಮುಟ್ಟುವ ಮೊದಲು ಚೌಕುಳಿ ಕಾಗದದ ಮೇಲೆ ಬರೆಸಬೇಕು ಎಂಬುದು ನನ್ನ ಇನ್ನೊಂದು ಒತ್ತಾಯ. ಎಂಟು ಕಂಪ್ಯೂಟರ್‌ಗೆ 40 ಮಕ್ಕಳಿರುವಲ್ಲಿ ಇದು ಅನಿವಾರ್ಯವೂ ಹೌದು, ಒಳ್ಳೆಯದೂ ಹೌದು. 9ನೆಯ ತರಗತಿಯ ಗಣಿತದಲ್ಲಿ ನಿರ್ದೇಶಾಂಕ ರೇಖಾಗಣಿತ ಬರುತ್ತದೆ. ಅಲ್ಲಿ ಮೇಲೆ ಹೋದಂತೆ ವೈ ಹೆಚ್ಚುತ್ತದೆ. ಟಿಕೆ-ಇಂಟರ್ ಕಿಟಕಿಯಲ್ಲಿ ಸೊನ್ನೆ ಇರುವುದು ಎಡಮೇಲಿನ ಮೂಲೆಯಲ್ಲಿ. ಕೆಳಗೆ ಇಳಿದಂತೆ ವೈ ಹೆಚ್ಚುತ್ತದೆ. ಅದೇ ಪೈಥಾನ್‌ನ ಟರ್ಟಲ್ ಬಳಸಿದರೆ ಸೊನ್ನೆ ನಡುವೆ, ವೈ ಮೇಲಕ್ಕೆ, ಗಣಿತ ಪುಸ್ತಕದಂತೆಯೇ. ಈ ವ್ಯತ್ಯಾಸವನ್ನು ಹೇಳದೆ ಪಾಠ ಮಾಡಿದರೆ ಮಗು ಗಣಿತವನ್ನೋ ಕಂಪ್ಯೂಟರನ್ನೋ ಅನುಮಾನಿಸುತ್ತದೆ. ಹೇಳಿ ಮಾಡಿದರೆ ಅಕ್ಷಗಳು ದೇವರು ಕೊಟ್ಟದ್ದಲ್ಲ, ನಾವು ಇಟ್ಟುಕೊಂಡ ಒಪ್ಪಂದ ಎಂಬುದು ತಿಳಿಯುತ್ತದೆ.

ತಪ್ಪುಗಳ ಪಟ್ಟಿಯೇ ಪಾಠಯೋಜನೆ

ಈ ವಿಷಯದಲ್ಲಿ ಬರುವ ತಪ್ಪುಗಳು ಲೆಕ್ಕವಿಲ್ಲದಷ್ಟಿಲ್ಲ. ಬೆರಳೆಣಿಕೆಯಷ್ಟು, ಮತ್ತೆ ಮತ್ತೆ ಬರುವಂಥವು. ಬಟನ್ ತಯಾರಾಗಿರುತ್ತದೆ, ಕೂರಿಸುವ ಸಾಲು ಮರೆತಿರುತ್ತದೆ. ಆಗ ದೋಷದ ಸಂದೇಶವೂ ಇಲ್ಲ, ಬಟನ್ನೂ ಇಲ್ಲ. ಎಲ್ಲಕ್ಕೂ ಒಂದೇ ಜಾಗ. ಆಗ ಮೇಲಿನದು ಮಾತ್ರ ಕಾಣುತ್ತದೆ. ಕೂರಿಸುವ ಸಾಲು ಲೂಪಿನ ಹೊರಗೆ ಹೋಗಿರುತ್ತದೆ. ಆಗ ಐದು ತಯಾರಾಗಿ ಕೊನೆಯದೊಂದೇ ಕೂರುತ್ತದೆ. ನೋಡಲು ಎರಡನೆಯದೂ ಮೂರನೆಯದೂ ಒಂದೇ ಥರ, ಕಾರಣ ಬೇರೆ. ಬಟನ್ ಬದಲು ಚಿತ್ರ ಇಟ್ಟರೆ ಇನ್ನೊಂದು ತೊಡಕು. ಕಾರ್ಯದ ಒಳಗೆ ಚಿತ್ರವನ್ನು ತೆರೆದು ಅದನ್ನು ಎಲ್ಲಿಯೂ ಹಿಡಿದಿಡದಿದ್ದರೆ, ಕಾರ್ಯ ಮುಗಿದ ಕೂಡಲೇ ಯಾರಿಗೂ ಬೇಡದ ವಸ್ತು ಎಂದು ಪೈಥಾನ್ ಅದನ್ನು ತೆಗೆದುಹಾಕುತ್ತದೆ. ಕೆಂಪು ಬಾಳೆಯ ಚಿತ್ರದ ಜಾಗದಲ್ಲಿ ಖಾಲಿ ಚೌಕ ಉಳಿಯುತ್ತದೆ. ಚಿತ್ರಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಹಿಡಿದಿಟ್ಟರೆ ಉಳಿಯುತ್ತವೆ. ಕೊನೆಯದು, ನಮ್ಮ ಬೀದರ್.

ಪ್ರಶಿಕ್ಷಣಾರ್ಥಿ ಮಿತ್ರರೇ, ಪಾಠಕ್ಕೆ ಹೋಗುವ ಮೊದಲು ಈ ಐದನ್ನೂ ನಿಮ್ಮ ಕೈಯಾರೆ ಮಾಡಿ ನೋಡಿ. ಪಾಠಯೋಜನೆಯಲ್ಲಿ ಬೋಧನಾಂಶ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ ಎಂಬ ಕಾಲಮುಗಳ ಪಕ್ಕದಲ್ಲಿ ‘ನಿರೀಕ್ಷಿತ ತಪ್ಪು’ ಎಂದು ಇನ್ನೊಂದು ಕಾಲಮು ಎಳೆಯಿರಿ. ಲೋಗೋ ಭಾಷೆಯನ್ನು 1967ರಲ್ಲಿ ರೂಪಿಸಿದವರಲ್ಲಿ ಒಬ್ಬರಾದ ಸೇಮೋರ್ ಪೇಪರ್ಟ್ 1980ರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ವಾದಿಸಿದ್ದು ಇದನ್ನೇ: ಪ್ರೋಗ್ರಾಮು ಸರಿಯೋ ತಪ್ಪೋ ಎಂಬುದಕ್ಕಿಂತ ಅದನ್ನು ಸರಿಪಡಿಸಬಹುದೇ ಎಂಬ ಪ್ರಶ್ನೆ ಮಗುವಿಗೆ ಮುಖ್ಯವಾಗಬೇಕು. ನಮ್ಮ ಬಿ.ಇಡಿ. ತರಗತಿಗಳಲ್ಲಿ ರಚನಾವಾದದ ಬಗ್ಗೆ ಹತ್ತು ಅಂಕದ ಉತ್ತರ ಬರೆಸುತ್ತೇವೆ. ಅದೇ ರಚನಾವಾದ ತರಗತಿಯಲ್ಲಿ ನಡೆದಾಗ ‘ಸುಧಾರಣೆ ಅಗತ್ಯ’ ಎಂದು ಷರಾ ಬರೆಯುತ್ತೇವೆ.

ಇನ್ನೊಂದು ಸಣ್ಣ ಮಾತು. ಪೈಥಾನ್ 3ರಲ್ಲಿ ವೇರಿಯಬಲ್‌ಗಳ ಹೆಸರನ್ನು ಕನ್ನಡ ಅಕ್ಷರಗಳಲ್ಲಿಯೇ ಇಡಬಹುದು. ‘ಊರುಗಳು’ ಎಂಬ ಪಟ್ಟಿ, ‘ಊರು’ ಎಂಬ ವೇರಿಯಬಲ್. ಭಾಷೆಯ ಮೂಲ ಪದಗಳು ಇಂಗ್ಲಿಷಿನವೇ ಆದರೂ, ಯಾವುದು ಕಂಪ್ಯೂಟರಿನ ಪದ, ಯಾವುದು ತಾನು ಇಟ್ಟ ಹೆಸರು ಎಂಬುದು ಮಗುವಿಗೆ ನೋಡಿದೊಡನೆ ತಿಳಿಯುತ್ತದೆ.

ಎತ್ತಬಹುದಾದ ಆಕ್ಷೇಪಗಳು

ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರೊಡನೆ ಈ ವಿಷಯ ಮಾತಾಡಿದೆ. ಅವರು ಹೇಳಿದ್ದು ತಳ್ಳಿಹಾಕುವ ಮಾತಲ್ಲ. “ಸರ್, 40 ನಿಮಿಷದೊಳಗೆ ಪಾಠ ಮುಗಿಸುವುದು ಶಿಸ್ತು. ನಾಳೆ ಇವರು ಶಿಕ್ಷಕರಾದಾಗ ಪಠ್ಯ ಮುಗಿಸಬೇಕು, ಕರೆಂಟು ಹೋಗುತ್ತದೆ, ಕಂಪ್ಯೂಟರ್ ಕೆಡುತ್ತದೆ. ಗೊಂದಲವನ್ನೇ ಕಲಿಕೆ ಅಂತ ಹೊಗಳಿದರೆ ತಯಾರಿ ಇಲ್ಲದೆ ಬರುವವರಿಗೆ ನೆಪ ಸಿಕ್ಕಂತೆ ಆಗ್ತದೆ.”

ಕೊನೆಯ ಮಾತು ನನ್ನನ್ನು ಕಾಡಿತು. ಏಕೆಂದರೆ ಎರಡನೆಯ ಪ್ರಶಿಕ್ಷಣಾರ್ಥಿಯನ್ನು ಕರೆದು ಮಾತಾಡಿಸಿದಾಗ ಅವರು ಹೇಳಿದ್ದು ಹೀಗೆ: “ಸರ್, ಬೀದರ್ ಬಂದಾಗ ನನಗೂ ಕಾರಣ ಗೊತ್ತಿರಲಿಲ್ಲ. ಮನೆಯಲ್ಲಿ ಬಟನ್ ಬರೋವರೆಗೂ ನೋಡಿದ್ದೆ, ಒತ್ತಿ ನೋಡಿರಲಿಲ್ಲ. ನೀವು ಹಿಂದೆ ಕೂತಿದ್ರಿ. ಬಹಳ ಹೆದರಿದ್ದೆ. ರಾತ್ರಿ ಹನ್ನೊಂದರವರೆಗೂ ಕೂತು ಹುಡುಕಿದೆ.”

ಅವರ ತಯಾರಿ ಸಾಲದಾಗಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಒತ್ತಿ ನೋಡಿ ಬರಬೇಕಿತ್ತು. ಆದರೆ ಗೊತ್ತಿಲ್ಲದಾಗ ಅವರು ಮಾಡಿದ್ದನ್ನು ಗಮನಿಸಿ. ಸುಳ್ಳು ಉತ್ತರ ಹೇಳಲಿಲ್ಲ. ಕಂಪ್ಯೂಟರ್ ಕೆಟ್ಟಿದೆ ಎನ್ನಲಿಲ್ಲ. ಮಕ್ಕಳ ಬಾಯಿ ಮುಚ್ಚಿಸಲಿಲ್ಲ. ಕಾರಣ ಬರೆಯಲು ಹೇಳಿದರು, ಮನೆಗೆ ಹೋಗಿ ತಾವೂ ಹುಡುಕಿದರು, ಮರುದಿನ ಚೀಟಿ ಹಿಡಿದು ಬಂದರು. ಆ ಮರುದಿನದ ಪಾಠವನ್ನು ಯಾರೂ ವೀಕ್ಷಿಸಲಿಲ್ಲ, ಯಾರೂ ಅಂಕ ಕೊಡಲಿಲ್ಲ. ತಯಾರಿಯ ಕೊರತೆಗೆ ಅಂಕ ಕಳೆಯುವುದು ಸರಿ. ಮಕ್ಕಳು ಯೋಚಿಸುತ್ತಿದ್ದಾಗ ಎದ್ದ ಸದ್ದಿಗೆ ಕಳೆಯುವುದು ಸರಿಯಲ್ಲ. ನಾನು ಎರಡನ್ನೂ ಒಂದೇ ಕಾಲಮಿನಲ್ಲಿ ಹಾಕಿದೆ.

ಸಮಯದ ಆಕ್ಷೇಪಕ್ಕೆ ನನ್ನ ಉತ್ತರ ಸರಳ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಿಂದಲೇ ಕೋಡಿಂಗ್ ಚಟುವಟಿಕೆ ಇರಬೇಕು ಎನ್ನುತ್ತದೆ. ಚಟುವಟಿಕೆ ಎಂದ ಮೇಲೆ ಅದಕ್ಕೆ ಚಟುವಟಿಕೆಯ ಸಮಯ ಬೇಕು. ವಿಜ್ಞಾನದ ಪ್ರಯೋಗಕ್ಕೆ ಎರಡು ಅವಧಿ ಜೋಡಿಸಿ ಕೊಡುವ ಶಾಲೆಗಳು ಕೋಡಿಂಗ್‌ಗೂ ಕೊಡಬಹುದು.

ಏನು ಮಾಡಬಹುದು

ನಮ್ಮ ಕಾಲೇಜಿನ ಬೋಧನಾಭ್ಯಾಸ ಸಮಿತಿಯ ಮುಂದೆ ನಾಲ್ಕು ಸಲಹೆ ಇಡುತ್ತೇನೆ. ಒಂದು, ವೀಕ್ಷಣಾ ನಮೂನೆಯ ‘ಪಾಠವನ್ನು ನಿಗದಿತ ಅವಧಿಯಲ್ಲಿ ಪೂರ್ಣಗೊಳಿಸಿದ್ದಾರೆಯೇ?’ ಎಂಬುದರ ಜೊತೆಗೆ, ಅಷ್ಟೇ ಅಂಕಕ್ಕೆ, ‘ಅನಿರೀಕ್ಷಿತ ತಪ್ಪು ಬಂದಾಗ ಅದನ್ನು ಹೇಗೆ ಬಳಸಿಕೊಂಡರು?’ ಎಂದು ಸೇರಿಸಬೇಕು. ಎರಡು, ಕೋಡಿಂಗ್ ಪಾಠಗಳಲ್ಲಿ ಒಂದನ್ನಾದರೂ ಸತತ ಎರಡು ಅವಧಿಯ ಜೋಡಿ ಪಾಠವಾಗಿ ವೀಕ್ಷಿಸಬೇಕು. ಮೂರು, ‘ನಿರೀಕ್ಷಿತ ತಪ್ಪು’ ಕಾಲಮು ಇಲ್ಲದ ಪಾಠಯೋಜನೆಗೆ ಮಾರ್ಗದರ್ಶಿ ಸಹಿ ಹಾಕಬಾರದು. ಹಿರಿಯ ಸಹೋದ್ಯೋಗಿಯ ಭಯಕ್ಕೆ ಇದೇ ಉತ್ತರ: ತಪ್ಪಿಗೆ ಜಾಗ ಕೊಡಬೇಕಾದರೆ ಹೆಚ್ಚು ತಯಾರಿ ಬೇಕು, ಕಡಿಮೆ ಅಲ್ಲ. ನಾಲ್ಕು, ವೀಕ್ಷಕರು ಪಾಠ ನಡೆಯುವಾಗ ಹತ್ತು ನಿಮಿಷವಾದರೂ ಕೊನೆಯ ಬೆಂಚು ಬಿಟ್ಟು ಮಕ್ಕಳ ಪಕ್ಕ ನಿಲ್ಲಬೇಕು. ನಾನು ಅಂದು ಒಂದು ಕಂಪ್ಯೂಟರಿನ ಬಳಿ ಹೋಗಿ ನಿಂತಿದ್ದರೆ, ಗದ್ದಲದೊಳಗೆ ಮಕ್ಕಳು ಏನು ಮಾತಾಡುತ್ತಿದ್ದರು ಎಂಬುದು ಕಿವಿಗೆ ಬೀಳುತ್ತಿತ್ತು.

ಆ 15 ಅಂಕ ಬದಲಾಗಲಿಲ್ಲ. ನಾನು ಕಲಬುರಗಿಗೆ ಮರಳಿ ಕೇಳುವ ಹೊತ್ತಿಗೆ ಪಟ್ಟಿ ಸಿದ್ಧವಾಗಿ ಸಹಿಯೂ ಆಗಿತ್ತು. ಅವರ ವೀಕ್ಷಣಾ ಪುಸ್ತಕದಲ್ಲಿ ಹಳೆಯ ಷರಾದ ಕೆಳಗೆ ಅಂದಿನ ತಾರೀಖು ಹಾಕಿ, ಹತ್ತು ದಿನದ ನಂತರ ತರಗತಿಯಲ್ಲಿ ನಾನು ಕಂಡದ್ದನ್ನು ಅರ್ಧ ಪುಟ ಬರೆದು ಸಹಿ ಮಾಡಿದೆ. ಅವರು ಓದಿ, “ಇರಲಿ ಬಿಡ್ರಿ ಸರ್” ಅಂದರು. ಇರಲಿ ಬಿಡುವಂಥದ್ದಲ್ಲ ಅದು. ಮುಂದಿನ ವರ್ಷ ಅದೇ ರಸ್ತೆಯಲ್ಲಿ ಇನ್ನಿಬ್ಬರು ಪ್ರಶಿಕ್ಷಣಾರ್ಥಿಗಳು ಬಸ್ಸು ಹತ್ತುತ್ತಾರೆ. ಅಷ್ಟರೊಳಗೆ ನಮೂನೆ ಬದಲಾಗಬೇಕು.